ಅರ್ಧ ಗಂಟೆಯ ಕರೆ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಹುಟ್ಟಿದಾಗಿನಿಂದಲೂ ಹಾಗೆಯೇ ಎಂದು ಅಮ್ಮ ಹೇಳುತ್ತಿದ್ದಳು. ಇಪ್ಪತ್ತೇಳು ವರ್ಷ ಈ ಕೆಲಸ ಮಾಡಿದ ಮೇಲೆ ಆ ರೋಗ ಇನ್ನಷ್ಟು ಬಲಿತಿದೆ.

ನಾಟಕ ಕಂಪನಿಯಲ್ಲಿ ನಾನು ರಂಗ ವ್ಯವಸ್ಥಾಪಕಿ. ಪಾತ್ರ ಮಾಡುವವಳಲ್ಲ, ಪಾತ್ರ ಮಾಡುವವರನ್ನು ಓಡಿಸುವವಳು. ರಂಗದ ಪಕ್ಕದ ಕತ್ತಲೆಯಲ್ಲಿ ಒಂದು ಮೇಜು, ಸಣ್ಣ ನೀಲಿ ದೀಪ, ಕಿವಿಗೆ ಹೆಡ್‌ಫೋನು, ಕೊರಳಲ್ಲಿ ಸ್ಟಾಪ್‌ವಾಚು, ಇಷ್ಟೇ ನನ್ನ ಸಂಸಾರ. ಪರದೆ ಏಳುವುದು, ದೀಪ ಆರುವುದು, ಗುಡುಗುವುದು, ಎಲ್ಲ ನಾನು ‘ಗೋ’ ಎಂದಾಗ. ಅದಕ್ಕೇ ಆ ಶಬ್ದವನ್ನು ಮೇಜಿನ ಹತ್ತಿರ ಯಾರೂ ಸುಮ್ಮಸುಮ್ಮನೆ ಆಡುವುದಿಲ್ಲ. ಟೀ ಕುಡಿಯಲು ಕರೆಯುವಾಗಲೂ ‘ಹೊರಡೋಣ’ ಎನ್ನುತ್ತಾರೆ. ಆಟಕ್ಕೆ ಅರ್ಧ ಗಂಟೆ ಇರುವಾಗ ಮೈಕಿನಲ್ಲಿ ಬಣ್ಣದ ಕೋಣೆಗಳಿಗೆಲ್ಲ ಕರೆ ಕೊಡುವುದೂ ನಾನೇ. ಆಮೇಲೆ ಕಾಲು ಗಂಟೆಗೆ, ಐದು ನಿಮಿಷಕ್ಕೆ.

ಆ ದಿನ ನಾನು ಸುಮ್ಮನೆ ಕೂರಬೇಕಿತ್ತು. ಅದೊಂದೇ ಕೆಲಸ. ಅದೂ ನನ್ನ ಕೈಲಾಗಲಿಲ್ಲ.

ಹಿಂದಿನ ದಿನ ವೇಷ ಹಾಕಿಕೊಂಡು ಪೂರ್ತಿ ತಾಲೀಮು ನಡೆದಿತ್ತು. ಹೊಸ ನಾಟಕದಲ್ಲಿ ಒಂದು ಚಂದ್ರ ಇದೆ. ಕಬ್ಬಿಣದ ಚೌಕಟ್ಟು, ಮೇಲೆ ಪ್ಲೈವುಡ್ಡು, ಅದರ ಮೇಲೆ ಬೆಳ್ಳಿ ಬಣ್ಣ. ನಾಯಕಿ ಅದರ ಮೇಲೆ ಬೆಲ್ಟು ಬಿಗಿದುಕೊಂಡು ಕೂರುತ್ತಾಳೆ, ಮೋಟಾರು ಅದನ್ನು ಮೂರಾಳೆತ್ತರಕ್ಕೆ ಎತ್ತುತ್ತದೆ. ಆಟದುದ್ದಕ್ಕೂ ಏಳು ಸಲ ಏರುವುದು, ಏಳು ಸಲ ಇಳಿಯುವುದು. ಏಳನೇ ಸಲ ಮೇಲೆ ನಿಂತಿದ್ದ ಚಂದ್ರ ಇದ್ದಕ್ಕಿದ್ದಂತೆ ಒಂದು ಮೊಳ ಜಾರಿ, ಮತ್ತೆ ಹಿಡಿದುಕೊಂಡಿತು. ಚಂದ್ರನ ಮೇಲೆ ಕೂತಿದ್ದವಳು ಕಿಲಕಿಲ ನಕ್ಕಳು. ಅವಳು ನನ್ನ ಮಗಳು.

ನಾಲ್ಕು ವರ್ಷ ರಾಣಿಯ ಹಿಂದೆ ದೀಪ ಹಿಡಿದುಕೊಂಡು ನಿಂತವಳಿಗೆ ಸಿಕ್ಕ ಮೊದಲ ದೊಡ್ಡ ಪಾತ್ರ ಅದು. ಅದೂ ಅಮ್ಮನ ದಯೆಯಿಂದಲ್ಲ, ನಾನು ಆ ಆಯ್ಕೆಯ ಕೋಣೆಯ ಬಾಗಿಲಿಗೂ ಹೋಗಿರಲಿಲ್ಲ. ಮೊದಲ ಆಟಕ್ಕೆ ದೊಡ್ಡ ರಂಗಮಂದಿರವೊಂದರ ನಿರ್ದೇಶಕಿ ಬರುವವರಿದ್ದರು, ಒಂದೇ ದಿನಕ್ಕೆ, ಇವಳನ್ನು ನೋಡಲೆಂದೇ.

ಮೋಟಾರು ನೋಡಿಕೊಳ್ಳುವವನನ್ನು ಎಲ್ಲರೂ ಹಗ್ಗದಣ್ಣ ಎನ್ನುತ್ತೇವೆ. ಮೋಟಾರು ಬರುವ ಮುಂಚಿನ ಹಗ್ಗದ ಕಾಲದಿಂದಲೂ ಮೇಲಿನ ಅಟ್ಟದಲ್ಲಿ ಇರುವವನು. ಅವನು ಇಳಿದು ಬಂದು ಹೇಳಿದ, “ಅಕ್ಕಾವ್ರೆ, ಬ್ರೇಕ್ ಹೋಗಿದೆ. ತಣ್ಣಗಿದ್ದಾಗ ಹಿಡಿಯುತ್ತೆ, ಬಿಸಿಯಾದ್ರೆ ಬಿಟ್ಬಿಡುತ್ತೆ. ಬದಲಾಯಿಸೋವರ್ಗೂ ನಾನಂತೂ ಮನುಷ್ಯರನ್ನ ಎತ್ತಲ್ಲ.”

ಮಾಲೀಕರು ಹೊಸ ಬ್ರೇಕು ತರಿಸುತ್ತೇನೆ ಎಂದರು. ಯಾವಾಗ? ನಾಡಿದ್ದು. ಆಟ ಯಾವಾಗ? ನಾಳೆ ಮಧ್ಯಾಹ್ನ ಮೂರಕ್ಕೆ. ಅಲ್ಲಿಗೆ ನಟರೂ ರಂಗದ ಕೆಲಸಗಾರರೂ ಸೇರಿದ ನಮ್ಮ ಸಂಘ ಎದ್ದು ಕೂತಿತು.

ನಮ್ಮ ಸಂಘದ ಪದ್ಧತಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಪ್ರತಿ ನಾಟಕದ ತಾಲೀಮಿನ ಮೊದಲ ದಿನ ಮಾಲೀಕರು, ನಿರ್ದೇಶಕರು ಎಲ್ಲ ಎದ್ದು ಆಚೆ ಹೋಗಬೇಕು. ಅವರ ಕೋಣೆಯಿಂದ ಅವರನ್ನೇ ಆಚೆ ಕಳಿಸುವಾಗ ಅವರ ಮುಖ ನೋಡಬೇಕು! ಒಳಗೆ ಉಳಿದ ನಾವು ನಮ್ಮಲ್ಲೊಬ್ಬರನ್ನು ಪ್ರತಿನಿಧಿಯಾಗಿ ಆರಿಸುತ್ತೇವೆ. ಒಂದೂ ಕಾಲು ಗಂಟೆ ಕೆಲಸವಾದ ಮೇಲೆ ವಿರಾಮ ಕೊಟ್ಟರೋ ಇಲ್ಲವೋ, ಬಣ್ಣದ ಕೋಣೆಯಲ್ಲಿ ನೀರು ಬರುತ್ತದೋ ಇಲ್ಲವೋ, ಎಲ್ಲಕ್ಕೂ ಅವರೇ ಬಾಯಿ. ಈ ಸಲ ಆರಿಸಿದ್ದು ಹಾಸ್ಯಪಾತ್ರದ ಹಿರಿಯರನ್ನು. ಜೀವಮಾನವಿಡೀ ವಕೀಲನ ಪಾತ್ರ ಮಾಡಿ ಮಾಡಿ ಮನೆಯಲ್ಲೂ ಮಾತೆತ್ತಿದರೆ ಕಲಮು ಹೇಳುತ್ತಾರೆ. ಅವರಿಗೆ ವಕೀಲರು ಎಂದೇ ಹೆಸರು.

ಆಟದ ದಿನ ಬೆಳಿಗ್ಗೆ ಹನ್ನೊಂದಕ್ಕೆ ತಾಲೀಮಿನ ಕೋಣೆಯಲ್ಲಿ ಸೇರಿದೆವು. ವಕೀಲರು ಮೊದಲು ಮಾಲೀಕರಿಗೆ ಒಂದು ದಾರಿ ಹೇಳಿನೋಡಿದರು.

“ಚಂದ್ರ ಬೇಡ. ಹುಡುಗಿ ನಡ್ಕೊಂಡೇ ಬರ್ಲಿ. ಆಟ ನಿಲ್ಲೋದಿಲ್ಲ.”

“ನಡ್ಕೊಂಡು ಬರೋದಕ್ಕೆ ಅವಳೇನು ಹಾಲಿನವಳಾ?” ಮಾಲೀಕರು ಕೂಗಿದರು. “ಊರ ತುಂಬ ಪೋಸ್ಟರ್ ಮೇಲೆ ಏನಿದೆ? ಚಂದ್ರ! ಜನ ಬರೋದು ಚಂದ್ರನ್ನ ನೋಡೋಕೆ!”

ಅವರನ್ನು ಆಚೆ ಕಳಿಸಿ ಚೀಟಿ ಹಂಚಿದೆವು. ಆಡಬೇಕು ಅಥವಾ ಆಡಬಾರದು, ಎರಡರಲ್ಲಿ ಒಂದು. ಹೆಸರು ಬರೆಯುವಂತಿಲ್ಲ. ಚೀಟಿ ಹಾಕುವ ಮುಂಚೆ ಮಗಳು ನನ್ನನ್ನು ಮೂಲೆಗೆ ಎಳೆದುಕೊಂಡು ಹೋದಳು.

“ಅಮ್ಮ, ಒಂದು ಮೊಳ ಜಾರಿದ್ದಕ್ಕೆ ಇಷ್ಟು ರಂಪ ಮಾಡ್ತೀರಲ್ಲ! ಅವ್ರು ಇವತ್ತೊಂದೇ ದಿನ ಬರೋದು.”

“ಜಾರೋದಕ್ಕೆ ನೀನು ಕೂತಿರೋದು ಉಯ್ಯಾಲೆ ಅಲ್ಲ ಪುಟ್ಟಿ.”

“ನಿನಗೆ ನನಗಿಂತ ನಿನ್ನ ನಿಯಮದ ಪುಸ್ತಕಾನೇ ಹೆಚ್ಚು. ಚಿಕ್ಕೋಳಿದ್ದಾಗಿಂದ ನೋಡ್ತಾ ಇದ್ದೀನಿ.”

ನನಗೆ ಸಿಟ್ಟು ನೆತ್ತಿಗೇರಿತು. ‘ಹೌದು ಕಣೆ, ಪುಸ್ತಕಾನೇ ಹೆಚ್ಚು’ ಎಂದುಬಿಟ್ಟೆ. ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಡಿಚಿ ಡಬ್ಬಿಗೆ ತುರುಕಿ ಹೋದಳು. ಎಣಿಸಿದಾಗ ಆಡಬಾರದು ಎಂದವರು ಹದಿನಾರು, ಆಡಬೇಕು ಎಂದವರು ಮೂರು. ಆ ಮೂರರಲ್ಲಿ ಒಂದು ಯಾರದು ಎಂದು ನನಗೆ ಕೇಳಬೇಕಾಗಿರಲಿಲ್ಲ.

ವಕೀಲರು ಸಂಘದ ಕಾರ್ಯದರ್ಶಿಗೆ ಫೋನು ಮಾಡಿದರು. ಆಕೆ ಹೇಳಿದ್ದು ಸ್ಪಷ್ಟವಾಗಿತ್ತು. ಎಲ್ಲರೂ ಹೊತ್ತಿಗೆ ಸರಿಯಾಗಿ ಬರಬೇಕು, ಹಾಜರಿಗೆ ಸಹಿ ಹಾಕಬೇಕು, ಬಣ್ಣ ಹಚ್ಚಿ ವೇಷ ಹಾಕಿ ಕೋಣೆಯಲ್ಲಿ ಕೂರಬೇಕು. ಕೆಲಸಕ್ಕೆ ತಯಾರಿದ್ದೇವೆ, ರಂಗ ಸರಿಯಿಲ್ಲ, ಅಷ್ಟೇ ನಮ್ಮ ಮಾತು. ಆಗ ಯಾರೂ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ.

“ರಂಗದ ಬಾಗಿಲು ದಾಟ್ಬೇಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ,” ಎಂದರಂತೆ ಕಾರ್ಯದರ್ಶಿ.

ಎರಡು ಗಂಟೆಗೆ ನಾನೂ ಸಹಿ ಹಾಕಿ ನನ್ನ ಮೇಜಿಗೆ ಬಂದೆ. ನನಗೆ ಬಣ್ಣದ ಕೋಣೆ ಎಲ್ಲಿಂದ ಬರಬೇಕು? ಕೂತೆ. ಎದ್ದೆ. ಪೆನ್ಸಿಲ್ ಕೆತ್ತಿದೆ. ಕೆತ್ತಿದ್ದನ್ನೇ ಮತ್ತೆ ಕೆತ್ತಿದೆ. ಮೇಜಿನ ಮೇಲಿನ ಟೇಪಿನ ಸುರುಳಿಗಳನ್ನು ದೊಡ್ಡದು ಚಿಕ್ಕದು ನೋಡಿ ಜೋಡಿಸಿದೆ. ಎರಡು ಸಲ ನೀರು ಕುಡಿದೆ, ಎರಡು ಸಲ ಹೋಗಿಬಂದೆ. ಮಗಳು ನನ್ನ ಮುಂದೆಯೇ ಹಾದುಹೋದಳು, ಬೆಳ್ಳಿ ವೇಷದಲ್ಲಿ, ನನ್ನತ್ತ ತಿರುಗಿಯೂ ನೋಡದೆ. ಅವಳ ಕುತ್ತಿಗೆಯ ಹಿಂದೆ ಬಣ್ಣ ಸರಿಯಾಗಿ ಕೂತಿರಲಿಲ್ಲ. ಕರೆದು ಹೇಳೋಣ ಎನ್ನಿಸಿತು, ಅಹಂಕಾರ ಬಿಡಲಿಲ್ಲ.

ಎದುರಿಗೆ ಗೋಡೆ ಗಡಿಯಾರ. ಎರಡು ಇಪ್ಪತ್ತೈದು. ಎರಡು ಇಪ್ಪತ್ತೆಂಟು. ಮಗಳ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಚಿಕ್ಕವಳಿದ್ದಾಗ ಅವಳ ಶಾಲೆಯ ನಾಟಕಕ್ಕೆ ನಾನು ಹೋಗಿರಲಿಲ್ಲ, ಅವತ್ತು ಇಲ್ಲಿ ಆಟವಿತ್ತು. ಜ್ವರ ಬಂದಾಗ ಪಕ್ಕದ ಮನೆಯವರು ನೋಡಿಕೊಂಡಿದ್ದರು, ಅವತ್ತೂ ಆಟವಿತ್ತು. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಯೋಚಿಸುತ್ತಿದ್ದೆ. ಮುಳ್ಳು ಎರಡೂವರೆಗೆ ಬಂತು. ನನ್ನ ಕೈ ತಾನಾಗಿಯೇ ಹೋಗಿ ಮೈಕಿನ ಗುಂಡಿ ಒತ್ತಿತು. ನನ್ನ ಬಾಯಿ ಎಂದಿನ ಧಾಟಿಯಲ್ಲಿ ಹೇಳಿತು:

“ಅರ್ಧ ಗಂಟೆ. ಎಲ್ಲರಿಗೂ ಅರ್ಧ ಗಂಟೆಯ ಕರೆ.”

ಕೋಣೆಗಳಿಂದ ಎಂದಿನಂತೆ “ಆಯ್ತು ಅಕ್ಕ, ಥ್ಯಾಂಕ್ಸ್!” ಎಂಬ ಕೂಗುಗಳು ಬಂದವು. ಅವರಿಗೂ ಬಾಯಿಪಾಠ. ಆಮೇಲೆ ಇಡೀ ಕಟ್ಟಡ ಗಪ್‌ಚುಪ್.

ಅಯ್ಯೋ ನನ್ನ ಕರ್ಮವೇ! ನಾಲಿಗೆ ಕಚ್ಚಿಕೊಂಡೆ. ಗುಂಡಿಯ ಮೇಲೆ ಬೆರಳು ಹಾಗೆಯೇ ಇತ್ತು, ಬೆರಳು ಕಿತ್ತು ಬಿಸಾಡಬೇಕು ಎನ್ನಿಸಿತು.

ವಕೀಲರು ಅರ್ಧ ಮೀಸೆ ಅಂಟಿಸಿಕೊಂಡೇ ಓಡಿಬಂದರು. “ಏನಮ್ಮ ಇದು? ಏನು ಮಾಡಿಬಿಟ್ರಿ?”

“ಬಾಯ್ತಪ್ಪಿ ಬಂತು. ಈಗ್ಲೇ ಮತ್ತೆ ಹೇಳ್ತೀನಿ.”

“ಬೇಡ! ಸಂಘದ ಆಫೀಸಿಗೆ ಕೇಳೋವರ್ಗೂ ಬಾಯಿ ಬಿಡ್ಬೇಡಿ. ಇನ್ನೊಂದು ತಪ್ಪಾದ್ರೆ ಎಲ್ರೂ ಮುಳುಗ್ತೀವಿ.” ಅವರು ಫೋನು ಹಿಡಿದು ಮೆಟ್ಟಿಲ ಕಡೆ ಓಡಿದರು.

ಅಷ್ಟರಲ್ಲಿ ಪರದೆಯ ಆಚೆ ಗದ್ದಲ ಕೇಳಿಸಿತು. ಕುರ್ಚಿಗಳ ಸದ್ದು, ಮಕ್ಕಳ ಸದ್ದು, ಕಾಗದದ ಚರಪರ. ಮಾಲೀಕರು ಪ್ರೇಕ್ಷಕರನ್ನು ಒಳಗೆ ಬಿಟ್ಟಿದ್ದರು. ಬಿಡದೆ ಏನು ಮಾಡುತ್ತಾರೆ? ರಂಗ ವ್ಯವಸ್ಥಾಪಕರು ಅರ್ಧ ಗಂಟೆಯ ಕರೆ ಕೊಡುವವರೆಗೆ ಬಾಗಿಲು ತೆರೆಯಬಾರದು, ಆ ಕರೆ ಎಂದರೆ ರಂಗ ಸುರಕ್ಷಿತವಾಗಿದೆ ಎಂಬ ಮಾತು. ಹಿಂದೆ ಎಲ್ಲಿ ಮೊಳೆಯಿದೆ, ಎಲ್ಲಿ ತಂತಿಯಿದೆ ನೋಡದೆ ಆಟ ಶುರುಮಾಡಿಸುತ್ತಿದ್ದರು ಎಂದು ಹೊಡೆದಾಡಿ ಆ ನಿಯಮ ಬರೆಸಿಕೊಂಡವರು ನಾವೇ. ಆ ಸಮಿತಿಯಲ್ಲಿ ನಾನೂ ಇದ್ದೆ. ಈಗ ನನ್ನ ಕೈಯಾರೆ ಅದಕ್ಕೆ ಬೆಂಕಿಯಿಟ್ಟಿದ್ದೆ.

ಮಾಲೀಕರು ನಗುನಗುತ್ತಾ ನನ್ನ ಮೇಜಿಗೆ ಬಂದರು. “ನೀವೇ ಕರೆದ್ರಲ್ಲ ಮೇಡಂ. ರಂಗ ಸರಿಯಾಗಿದೆ ಅಂತ ನಿಮ್ಮ ಬಾಯಲ್ಲೇ ಬಂತು. ಇನ್ನು ಯಾರು ಜಾಗಕ್ಕೆ ಬರಲ್ವೋ ಅವರದ್ದು ತಪ್ಪು. ನಿಮ್ಮ ಪುಸ್ತಕಾನೇ ಹೇಳುತ್ತೆ.”

ನಟರು ಒಬ್ಬೊಬ್ಬರೇ ಬಂದು ರಂಗದ ಬಾಗಿಲ ಬಳಿ ನಿಂತರು. ದಾಟುವುದೋ ಬೇಡವೋ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ದಾಟಿದವಳು ಒಬ್ಬಳೇ. ಮಗಳು ನೇರವಾಗಿ ಹೋಗಿ ಚಂದ್ರನ ಮೇಲೆ ಕೂತು ಬೆಲ್ಟು ಬಿಗಿದುಕೊಂಡಳು. ಮುಚ್ಚಿದ ಪರದೆಯ ಹಿಂದೆ, ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿ. ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿ ತೋರಿಸಿದಳು. ತಯಾರಿದ್ದೇನೆ ಎಂಬ ಗುರುತು. ಎಂಥ ಹಟಮಾರಿ ಎಂದು ಮೈಯೆಲ್ಲ ಉರಿಯಿತು. ಗೆದ್ದೆ ಎಂದು ತೋರಿಸುತ್ತಿದ್ದಾಳೆ, ಅಮ್ಮನ ಎಡವಟ್ಟಿನ ಮೇಲೆ ಹತ್ತಿ ಕೂತಿದ್ದಾಳೆ.

ವಕೀಲರು ವಾಪಸು ಬಂದಾಗ ಅವರ ಮೀಸೆ ಬಿದ್ದೇಹೋಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. “ಕರೆ ಆಗಿಹೋಗಿದೆ, ಇನ್ನು ನಾವು ಕೂತ್ರೆ ಸಂಘ ಕಾಪಾಡೋಕಾಗಲ್ಲ ಅಂತಾರೆ ಕಾರ್ಯದರ್ಶಿ. ಕರೆದವರೇ ಅದನ್ನ ವಾಪಸ್ ತಗೋಬಹುದು. ವರದಿಯಲ್ಲಿ ಬರೆದು, ಹೆಸರು ಹಾಕಿ. ಆದ್ರೆ ಅದು ನಿಮ್ಮೊಬ್ಬರ ಮೇಲೆ ಬರುತ್ತೆ. ಕೆಲಸ ಹೋದ್ರೂ ಹೋಯ್ತು. ಸಂಘದಲ್ಲೂ ವಿಚಾರಣೆ ಇರುತ್ತೆ, ತಪ್ಪು ಕರೆ ಕೊಟ್ಟಿದ್ದಕ್ಕೆ.”

“ಎರಡೂ ಕಡೆಯಿಂದ ಏಟು ಅನ್ನಿ.”

“ನಾನು ಬರೀರಿ ಅಂತ ಹೇಳ್ತಿಲ್ಲಮ್ಮ.” ಆ ಮನುಷ್ಯನ ಕಣ್ಣಲ್ಲಿ ನೀರಿತ್ತು. “ಬರೀಬೇಡಿ ಅಂತಾನೂ ಹೇಳೋಕಾಗ್ತಿಲ್ಲ.”

ಎರಡು ಐವತ್ತೆರಡಕ್ಕೆ ವರದಿ ಪುಸ್ತಕದಲ್ಲಿ ಬರೆದೆ. ಪೆನ್ಸಿಲ್ ಅಲ್ಲ, ಪೆನ್ನಿನಲ್ಲಿ. ‘ಅರ್ಧ ಗಂಟೆಯ ಕರೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಚಂದ್ರನ ಬ್ರೇಕು ಸರಿಯಿಲ್ಲ.’ ಕೆಳಗೆ ನನ್ನ ಸಹಿ. ಇಪ್ಪತ್ತೇಳು ವರ್ಷ ಒಂದೇ ಸಾಲಿಗೆ ಮುಗಿಯಿತು ಎನ್ನಿಸಿತು.

ಮಾಲೀಕರು ಅದನ್ನು ಓದಿದರು, ಪುಸ್ತಕವನ್ನು ಮುಚ್ಚಿದರು. “ಹೊರಗಡೆ ನಾನೂರು ಜನ ಕೂತಿದ್ದಾರೆ. ನಿಮ್ಮ ಮಗಳೇ ಹೋಗಿ ಕೂತಿದ್ದಾಳೆ, ನೋಡಿ. ಹೆತ್ತವರಾಗಿ ಅವಳ ಬಾಳಿಗೆ ಕಲ್ಲು ಹಾಕ್ತೀರಾ? ಸುಮ್ನೆ ಹೇಳಿ, ಆ ಒಂದು ಮಾತು.”

“ಹೇಳಲ್ಲ.”

“ಹೇಳ್ದೆ ಇದ್ರೆ ನಾಳೆಯಿಂದ ಬರೋದು ಬೇಡ.”

“ಬರಲ್ಲ.”

ಅವರ ಮುಖ ಕೆಂಪಗಾಯಿತು. ನನ್ನ ಕಿವಿಯಿಂದ ಹೆಡ್‌ಫೋನು ಕಿತ್ತುಕೊಂಡು ಅದರಲ್ಲಿ ಕೂಗಿದರು. “ಗೋ!”

ಏನೂ ಅಲುಗಾಡಲಿಲ್ಲ. ಪರದೆ ಅಲ್ಲೇ ಇತ್ತು, ಚಂದ್ರ ಅಲ್ಲೇ ಇತ್ತು.

“ಗೋ! ಗೋ ಅಂದೆನಲ್ಲಾ! ಕಿವುಡ್ರಾ ಎಲ್ರೂ?”

ಹೆಡ್‌ಫೋನಿನಿಂದ ಹಗ್ಗದಣ್ಣನ ದನಿ ನನಗೂ ಕೇಳಿಸುವಷ್ಟು ಜೋರಾಗಿ ಬಂತು. “ಯಾರದು ಲೈನಲ್ಲಿ?”

“ನಾನು! ಮಾಲೀಕ!”

“ನಮಸ್ಕಾರ ಸಾರ್. ಈ ಲೈನಲ್ಲಿ ಆ ಮಾತು ಹೇಳೋದು ಅಕ್ಕಾವ್ರು ಒಬ್ರೇ. ಬೇರೆಯವರು ಹೇಳಿದ್ರೆ ಕೈ ಎತ್ತಬಾರದು ಅಂತ ನಮಗೆ ನಿಯಮ ಇದೆ. ದಯವಿಟ್ಟು ಹೆಡ್‌ಫೋನ್ ಅವ್ರಿಗೆ ಕೊಡಿ.”

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಈಗ ಅದಕ್ಕೆ ಹೊತ್ತಿರಲಿಲ್ಲ. ಜನರಿಗೆ ಯಾರಾದರೂ ಹೇಳಬೇಕಿತ್ತು. ಯಾರೂ ಹೋಗಲಿಲ್ಲ, ನಾನೇ ಪರದೆ ಸರಿಸಿಕೊಂಡು ಆಚೆ ಬಂದೆ. ಇಷ್ಟು ವರ್ಷದಲ್ಲಿ ಪರದೆಯ ಆ ಬದಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಬೆಳಕು ಕಣ್ಣಿಗೆ ಹೊಡೆಯಿತು.

“ಇವತ್ತು ಆಟ ಇಲ್ಲ,” ಎಂದೆ. “ಯಂತ್ರ ಸರಿಯಿಲ್ಲ. ನಿಮ್ಮನ್ನ ಒಳಗೆ ಬಿಟ್ಟಿದ್ದು ನನ್ನ ತಪ್ಪು. ಕ್ಷಮಿಸಿ.”

ಶಿಳ್ಳೆ ಹೊಡೆದರು, ಗೊಣಗಿದರು, ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು, ಇದೇ ನಾಟಕ ಅಂದುಕೊಂಡರೋ ಏನೋ. ಮೂರನೇ ಸಾಲಿನಲ್ಲಿ ಒಬ್ಬಾಕೆ ಗಡಿಯಾರ ನೋಡಿಕೊಂಡು ಚೀಲ ಎತ್ತಿಕೊಂಡು ಹೊರಟರು. ಆ ನಿರ್ದೇಶಕಿ. ಪರದೆಯ ಸಂದಿಯಿಂದ ಮಗಳು ಕೂತಲ್ಲಿಂದಲೇ ಅದನ್ನು ನೋಡುತ್ತಿದ್ದಳು. ನಾನು ಒಳಗೆ ಬಂದಾಗ ಅವಳು ಬೆಲ್ಟು ಬಿಚ್ಚುತ್ತಿದ್ದಳು. ಕೊಂಡಿಯ ಮೇಲಿನಿಂದ ಕಣ್ಣೆತ್ತಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಭಾಂಗಣ ಖಾಲಿಯಾದ ಮೇಲೆ ಮಾಲೀಕರು ಎಲ್ಲರನ್ನೂ ರಂಗಕ್ಕೆ ಕರೆಸಿದರು. “ಎಲ್ಲರ ಎದುರಿಗೇ ಆಗಿಹೋಗ್ಲಿ. ಹುಡುಗಿ ತೂಕದಷ್ಟು ಮರಳಿನ ಮೂಟೆ ಕಟ್ಟಿ ಎತ್ತಿ.”

ಮೂಟೆಯನ್ನು ಅದೇ ಬೆಲ್ಟಿನಲ್ಲಿ ಬಿಗಿದರು. ನಾನು ಹೆಡ್‌ಫೋನು ಹಾಕಿಕೊಂಡು ಗೋ ಎಂದೆ. ಚಂದ್ರ ಬೆಣ್ಣೆಯಂತೆ ಏರಿತು, ನಿಂತಿತು, ಬೆಣ್ಣೆಯಂತೆ ಇಳಿಯಿತು. ಎರಡನೇ ಸಲವೂ ಹಾಗೆಯೇ. ಮೂರನೇ ಸಲವೂ.

“ನೋಡಿದ್ರಲ್ಲ?” ಮಾಲೀಕರು ಕೈ ಒದರಿಕೊಂಡರು. “ಇದಕ್ಕೆ ನಾನೂರು ಜನರನ್ನ ವಾಪಸ್ ಕಳಿಸಿದ್ದಾಯ್ತು. ಕಾಗದ ಟೈಪ್ ಮಾಡಿಸ್ತೀನಿ, ತಗೊಂಡು ಹೋಗಿ ಮೇಡಂ.” ಅವರು ಕಚೇರಿಗೆ ಹೋದರು. ನಟರು ತಲೆ ತಗ್ಗಿಸಿಕೊಂಡು ಒಬ್ಬೊಬ್ಬರೇ ಬಣ್ಣ ಅಳಿಸಲು ಹೊರಟರು. ನನ್ನ ಜೊತೆ ಮಾತಾಡಲು ಯಾರಿಗೂ ಮುಖವಿರಲಿಲ್ಲ. ಮಗಳು ರಂಗದ ಅಂಚಿನಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಅವಳ ನೋಟ ನನ್ನ ಬೆನ್ನಿಗೆ ಚುಚ್ಚುತ್ತಿತ್ತು.

“ಅಕ್ಕಾವ್ರೆ,” ಕಿವಿಯಲ್ಲಿ ಹಗ್ಗದಣ್ಣ ಹೇಳಿದ. “ಇನ್ನೂ ಬಿಸಿಯಾಗಿಲ್ಲ. ನಿಲ್ಲಿಸ್ಬೇಡಿ.”

ನಾಲ್ಕು. ಐದು. ಆರನೇ ಸಲ ಇಳಿಯುವಾಗ ಏನೋ ಸುಟ್ಟ ವಾಸನೆ ಬಂತು. ನನಗೆ ನಿಜ ಹೇಳಬೇಕೆಂದರೆ ಎರಡೂ ಬೇಡವಾಗಿತ್ತು. ಬೀಳದಿದ್ದರೆ ನಾನು ಮಗಳ ಬಾಳು ಹಾಳುಮಾಡಿದವಳು. ಬಿದ್ದರೆ, ಬೀಳುವುದನ್ನು ಹೇಗೆ ನೋಡಲಿ? ಆದರೂ ಏಳನೇ ಸಲ ಗೋ ಎಂದೆ.

ಚಂದ್ರ ಏರಿತು. ಮೂರಾಳೆತ್ತರದಲ್ಲಿ ನಿಂತಿತು. ಮೇಲಿನಿಂದ ಕರ್ ಎಂಬ ಸದ್ದು ಬಂತು. ಈ ಸಲ ಒಂದು ಮೊಳಕ್ಕೆ ನಿಲ್ಲಲಿಲ್ಲ. ಅಷ್ಟೂ ಎತ್ತರ ಒಂದೇ ಉಸಿರಿಗೆ ಕೆಳಗೆ ಬಂತು. ಹಲಗೆ ಸೀಳಿತು, ಪ್ಲೈವುಡ್ಡು ಚೂರಾಯಿತು, ಮೂಟೆ ಒಡೆದು ಮರಳು ನನ್ನ ಮೇಜಿನವರೆಗೂ ಹಾರಿತು.

ಬಣ್ಣದ ಕೋಣೆಗಳಿಂದ ಎಲ್ಲರೂ ಓಡಿಬಂದರು. ಮಾಲೀಕರೂ ಬಂದರು, ಕೈಯಲ್ಲಿ ಟೈಪು ಮಾಡಿಸಿದ ಕಾಗದ. ಚಂದ್ರನನ್ನು ನೋಡಿದರು, ಮರಳನ್ನು ನೋಡಿದರು. “ಯಾರಾದ್ರೂ ಪೊರಕೆ ತನ್ನಿ” ಎಂದರು. ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

ಮಗಳು ಎದ್ದು ಬಂದಳು. ಮರಳಿನಲ್ಲಿ ಮಂಡಿಯೂರಿ ಬೆಲ್ಟನ್ನು ಎತ್ತಿದಳು. ಕೊಂಡಿ ಹಾಕಿದ್ದು ಹಾಕಿದಂತೆಯೇ ಇತ್ತು, ಬಿಚ್ಚಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ನೋಡಿದಳು. ನಾನು ಹೋಗಿ ಅವಳನ್ನು ತಬ್ಬಿಕೊಳ್ಳಲು ಕೈ ಚಾಚಿದೆ.

“ಯಾಕಮ್ಮ ಕರೆದೆ?” ಎಂದಳು.

“ಬಾಯ್ತಪ್ಪಿ ಬಂತು ಪುಟ್ಟಿ. ಗಡಿಯಾರ ನೋಡಿದೆ, ಹಾಗೇ...”

“ಎಲ್ರೂ ಬಾಗಿಲಲ್ಲೇ ನಿಂತುಬಿಟ್ರು. ನಾನು ಹೇಳ್ದೆ ಅವ್ರಿಗೆ, ನಮ್ಮಮ್ಮ ಕರೆದಿದ್ದಾಳೆ ಅಂದ್ರೆ ಬ್ರೇಕ್ ಸರಿಹೋಗಿರುತ್ತೆ ಅಂತ. ಅವಳು ಸುಮ್ಮಸುಮ್ಮನೆ ಕರೆಯೋಳಲ್ಲ ಅಂತ. ನೀನು ಕರೆದೆ ಅಂತಾನೇ ನಾನು ಹೋಗಿ ಕೂತೆ.”

ಹಟವಲ್ಲ ಅದು. ಗೆದ್ದೆನೆಂಬ ಗುರುತೂ ಅಲ್ಲ. ಆ ಹೆಬ್ಬೆರಳು, ‘ಅಮ್ಮ, ನಿನ್ನ ಮಾತು ಕೇಳಿ ಬಂದಿದ್ದೀನಿ ನೋಡು’ ಎಂದು ಹೇಳುತ್ತಿತ್ತು. ಹದಿನೈದು ಹೆಜ್ಜೆ ದೂರದಲ್ಲಿ ನಿಂತು ನಾನು ಅವಳನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಅವಳು ಅಳುತ್ತಿದ್ದಳು, ಬೆಳ್ಳಿ ಬಣ್ಣ ಕೆನ್ನೆಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಬೆಲ್ಟನ್ನು ನನ್ನ ಕೈಗೆ ಕೊಟ್ಟಳು.

“ನಾಳೆ ಹೊಸ ಬ್ರೇಕ್ ಬರುತ್ತಲ್ಲ. ಆಮೇಲೆ ನೀನೇ ಕರೆದ್ರೂ ಸರಿ, ಬೇರೆ ಯಾರು ಕರೆದ್ರೂ ಸರಿ, ನಾನು ಅಟ್ಟಕ್ಕೆ ಹತ್ತಿ ನನ್ನ ಕಣ್ಣಾರೆ ನೋಡ್ಕೊಂಡೇ ಕೂರೋದು. ಇನ್ಮೇಲೆ ಯಾರ ಮಾತಿಗೂ ಕೂರಲ್ಲಮ್ಮ. ನಿನ್ನ ಮಾತಿಗೂ.”

ಸಂಘದ ಸಭೆಗಳಲ್ಲಿ ಹೊಸಬರಿಗೆ ನಾನು ಪ್ರತಿವರ್ಷ ಹೇಳಿಕೊಡುವುದೂ ಅದನ್ನೇ, ಯಾರನ್ನೂ ನಂಬಬೇಡಿ, ನೀವೇ ನೋಡಿಕೊಳ್ಳಿ ಎಂದು. ಅವಳು ಅವತ್ತು ಕಲಿತಳು, ನನ್ನಿಂದಲೇ.

“ಹಾಗೇ ಮಾಡು,” ಎಂದೆ. “ಹಾಗೇ ಮಾಡ್ಬೇಕು.”

ಅವಳು ಮುಖ ತೊಳೆಯಲು ಹೋದಳು. ನಾನು ಮೇಜಿಗೆ ಬಂದು ಪುಸ್ತಕದ ಮೇಲಿನ ಮರಳು ಕೊಡವಿ, ವರದಿಯ ಪುಟ ತೆರೆದೆ. ಚಂದ್ರ ಬಿದ್ದ ಹೊತ್ತು ಬರೆದೆ. ಯಾರಿಗೂ ಗಾಯವಿಲ್ಲ ಎಂದು ಬರೆದೆ. ಅದನ್ನು ಒಂದು ಸಲ ಓದಿ ಹೊಡೆದುಹಾಕಿದೆ. ಆಮೇಲೆ, ವರದಿ ಎಂದರೆ ವರದಿಯೇ ಅಲ್ಲವೇ ಎಂದು, ಮತ್ತೆ ಅದನ್ನೇ ಬರೆದು ಸಹಿ ಹಾಕಿದೆ.